ಎರಡು ಚುಕ್ಕಿಯ ಅಕ್ಷರ

ನಾನೂರ ಏಳನೆಯ ರೂಮಿನ ಬಾಗಿಲಹಿಡಿಗೆ ಹಸಿರು ಚೀಟಿ ತೂಗುಬಿದ್ದಿತ್ತು. ಪ್ಲೀಸ್ ಮೇಕ್ ಅಪ್ ಮೈ ರೂಮ್. ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಹತ್ತು ಹನ್ನೆರಡು ಸಲ ಅವನು ನೋಡುತ್ತ ಬಂದ ಚೀಟಿ ಅದು. ನೋಡುತ್ತ ಬಂದ ಎಂದರೆ ಓದುತ್ತ ಬಂದ ಎಂದಲ್ಲ; ಹಸಿರು ಕಂಡರೆ ಒಳಗೆ ಹೋಗು, ಕೆಂಪು ಕಂಡರೆ ಮುಂದಿನ ಬಾಗಿಲಿಗೆ ನಡೆ, ಅಷ್ಟೇ ವ್ಯವಹಾರ. ಆದರೆ ಈ ಶುಕ್ರವಾರ ಬೆಳಗ್ಗೆ ಅವನು ತಳ್ಳುಗಾಡಿಯನ್ನು ಗೋಡೆಗೆ ಒತ್ತರಿಸಿ, ಜೇಬಿನಿಂದ ಕನ್ನಡಕ ತೆಗೆದು, ಆ ಚೀಟಿಯನ್ನು ಅಕ್ಷರ ಅಕ್ಷರವಾಗಿ ದಿಟ್ಟಿಸಿದ. ಕಳೆದ ವಾರದವರೆಗೂ ಮೇಕ್ ಅಪ್ ಎಂದರೆ ಹಾಸಿಗೆ ಸರಿಮಾಡುವುದು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೋಟೆಲಿನವರು ಕೆಲಸಗಾರರಿಗೆಂದು ವಾರಕ್ಕೊಮ್ಮೆ ನಡೆಸುವ ಇಂಗ್ಲಿಷ್ ಕ್ಲಾಸಿನಲ್ಲಿ ಮೇಡಂ ಬೋರ್ಡಿನ ಮೇಲೆ ಆ ಎರಡು ಪದ ಬರೆದು "ಇದರ ಅರ್ಥ ಯಾರಿಗೆ ಗೊತ್ತು?" ಎಂದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿದವನು ಅವನೇ. ಆರು ವಾರದಲ್ಲಿ ಅವನು ಕೈಯೆತ್ತಿದ್ದು ಅದೊಂದೇ ಸಲ. "ಹಾಸಿಗೆ ಸರಿ ಮಾಡೋದು ಮೇಡಂ," ಎಂದಿದ್ದ, ಇಪ್ಪತ್ತಾರು ವರ್ಷದ ಸರ್ವೀಸನ್ನೆಲ್ಲ ಧ್ವನಿಯಲ್ಲಿ ತುಂಬಿಕೊಂಡು. "ಸರಿ. ಅದು ಒಂದು. ಇನ್ನೂ ಐದಾರು ಅರ್ಥ ಇದೆ, ಮುಂದಿನ ವಾರ ಹುಡುಕಿಕೊಂಡು ಬನ್ನಿ," ಎಂದು ಮೇಡಂ ಕೈಗಂಟಿದ ಸೀಮೆಸುಣ್ಣ ಕೊಡವಿಕೊಂಡಿದ್ದರು. ಎತ್ತಿದ ಕೈ ಇಳಿಸುವುದೇ ಅವನಿಗೆ ಮರೆತುಹೋಗಿತ್ತು. ಪಕ್ಕದಲ್ಲಿದ್ದ ಲಾಂಡ್ರಿ ಅಕ್ಕ ಅವನ ಅಂಗಿಯ ತೋಳು ಹಿಡಿದು ಮೆಲ್ಲಗೆ ಕೆಳಗೆಳೆದಿದ್ದಳು. ಮೇಡಂ ಎಂದರೆ ಅವನ ಮಗಳು.

ಒಳಗೆ ಹೋಗಿ ಪರದೆ ಸರಿಸಿದ. ಯಾರೋ ಗಂಡಹೆಂಡತಿ ಮಲಗೆದ್ದ ಹಾಸಿಗೆ. ಹೊದಿಕೆಯೆಲ್ಲ ಒಂದೇ ಕಡೆಗೆ ಹೋಗಿದೆ, ಇನ್ನೊಬ್ಬರು ಮುದುಡಿಕೊಂಡು ಬೆಳಗು ಮಾಡಿರಬೇಕು. ಹಾಸಿಗೆ ನೋಡಿದರೆ ಸಾಕು, ಮಲಗಿದ್ದವರ ಸಂಸಾರ ಎಂಥದ್ದೆಂದು ಅವನು ಹೇಳಬಲ್ಲ. ಅದನ್ನು ಓದುವುದಕ್ಕೆ ಯಾವ ಕ್ಲಾಸಿಗೂ ಹೋಗಬೇಕಿರಲಿಲ್ಲ. ದಿಂಬಿನ ಚೀಲ ಕಳಚುತ್ತ, ಇವತ್ತು ಮೂರು ಗಂಟೆಗೆ, ಎಂದುಕೊಂಡ. ಇವತ್ತು ಮೂರು ಗಂಟೆಗೆ ಪ್ರತಿಯೊಬ್ಬರೂ ತಮಗಿಷ್ಟವಾದ ಇಂಗ್ಲಿಷ್ ಪುಸ್ತಕದ ಒಂದು ಪುಟವನ್ನು ಎದ್ದುನಿಂತು ಜೋರಾಗಿ ಓದಬೇಕು ಎಂದು ಮೇಡಂ ಅಪ್ಪಣೆಯಾಗಿತ್ತು. ಬೆಳಗ್ಗೆ ಅಡಿಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಅದೇ ಮೇಡಂ, ಆ ಹೊತ್ತಿಗೆ ಇನ್ನೂ ಮಗಳೇ ಆಗಿದ್ದವಳು, "ಅಪ್ಪ, ನಿನ್ನ ಪುಟ ರೆಡೀನಾ?" ಎಂದು ಕೇಳಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಉತ್ತರ ಕೊಟ್ಟಿದ್ದಳು: "ಅವರಿಗೇನು ಕಷ್ಟ ಬಿಡೆ. ನೀನು ಚಿಕ್ಕೋಳಿದ್ದಾಗ ಇಡೀ ಪುಸ್ತಕಾನೇ ಓದಿ ಹೇಳಿದವರು." ಮಗಳು ಬೆಣ್ಣೆಯ ಚಾಕುವನ್ನೇ ನೋಡುತ್ತ "ಹೌದಲ್ಲ," ಎಂದಿದ್ದಳು. ಆ ಹೌದಲ್ಲ ಎಂಬುದರಲ್ಲಿ ಏನಿತ್ತು, ಏನಿರಲಿಲ್ಲ ಎಂದು ಅವನು ಬಸ್ಸಿನಲ್ಲಿ ಏಳು ಸ್ಟಾಪು ಯೋಚಿಸುತ್ತ ಬಂದಿದ್ದ.

ಇಡೀ ಪುಸ್ತಕ. ಹೋಟೆಲಿನಲ್ಲೊಂದು ನಿಯಮವಿದೆ. ಅತಿಥಿಗಳು ಮರೆತುಹೋದ ವಸ್ತುವನ್ನು ಸಿಕ್ಕವನು ರೂಮ್ ನಂಬರ್, ತಾರೀಕು ಸಮೇತ ರಿಜಿಸ್ಟರಿನಲ್ಲಿ ಬರೆಸಿ ಬೀರುವಿಗೆ ಒಪ್ಪಿಸಬೇಕು; ಆರು ತಿಂಗಳು ಯಾರೂ ಕೇಳಿಕೊಂಡು ಬಾರದಿದ್ದರೆ ಅದು ಸಿಕ್ಕವನದೇ. ಬೇರೆಯವರಿಗೆ ಟೋಪಿ, ಚಾರ್ಜರು, ಒಂಟಿ ಕೈಗವಸು ದಕ್ಕುತ್ತಿದ್ದವು. ಅವನಿಗೆ ಆ ಸಲ ಪುಸ್ತಕ ದಕ್ಕಿತು. ಮಗಳಿಗೆ ಆಗ ಏಳು ವರ್ಷ. ಗಟ್ಟಿ ನೀಲಿ ರಟ್ಟು, ನಡುನಡುವೆ ಕಪ್ಪು ಗೆರೆಯ ಚಿತ್ರಗಳು. ಒಂದರಲ್ಲಿ ಉದ್ದ ಕೋಟಿನವನೊಬ್ಬ ಸೇತುವೆಯ ಮೇಲೆ ಕೊಡೆ ಬಿಚ್ಚಿಕೊಂಡು ನಿಂತಿದ್ದ. ಬೆಳಗಿನ ಪಾಳಿ ಮುಗಿಸಿ ನಾಲ್ಕು ಗಂಟೆಗೆ ಮನೆಗೆ ಬಂದು ಕೈಗೆ ಕೊಟ್ಟರೆ ಅವಳು ತಿರುಗಿಸಿ ಮುರುಗಿಸಿ ನೋಡಿ, "ಇಂಗ್ಲಿಷಾ? ಓದಿ ಹೇಳು," ಎಂದಳು. ನನಗೆ ಬರಲ್ಲ ಮಗಳೇ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೆ ಆ ಅಕ್ಷರಗಳ ಪರಿಚಯವಿತ್ತು, ಸೋಪಿನ ಹೊದಿಕೆ, ಲಿಫ್ಟಿನ ಬೋರ್ಡು ಓದಿಕೊಳ್ಳುತ್ತಿದ್ದ. ಒಂದರ ಹಿಂದೊಂದು ಪದ ಸಾಲುಗಟ್ಟಿ ನಿಂತರೆ ಮಾತ್ರ ಕಣ್ಣು ಕತ್ತಲಿಡುತ್ತಿತ್ತು. ಆದರೆ ದಿನವಿಡೀ ಇಂಗ್ಲಿಷಿನವರ ನಡುವೆ ಓಡಾಡುವ ಅಪ್ಪನಿಗೆ ಓದಲು ಬಾರದಿದ್ದೀತು ಎಂಬ ಯೋಚನೆಯೇ ಆ ಪುಟ್ಟ ಮುಖಕ್ಕೆ ಬಂದಿರಲಿಲ್ಲ, ಆ ಮುಖದೆದುರು ಅವನ ಬಾಯಿಗೆ ನಿಜ ಬರಲಿಲ್ಲ. ಎರಡು ಲೋಟ ನೀರು ಕುಡಿದ. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತು, ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಶುರುಮಾಡಿದ: "ಒಂದೂರಲ್ಲಿ ಒಬ್ಬ ಕೊಡೆಯವನಿದ್ದ. ಅವನ ಕೊಡೆ ಒಂದು ಸಲ ಬಿಚ್ಚಿಕೊಂಡಿದ್ದು ಆಮೇಲೆ ಮುಚ್ಚಲೇ ಇಲ್ಲ."

ಬಿಟ್ಟುಹೋಗೋಣವೆಂದರೆ ಅದು ಕೊಡೆಯವನ ಅಪ್ಪ ಕೊಟ್ಟ ಕೊಡೆ, ಬಿಡಲು ಮನಸ್ಸಿಲ್ಲ. ಹಿಡಿದುಕೊಂಡರೆ ಯಾವ ಬಾಗಿಲಲ್ಲೂ ಹಿಡಿಸುವುದಿಲ್ಲ. ಹೀಗಾಗಿ ಕೊಡೆಯವನು ಕಿಟಕಿಯಲ್ಲಿ ಕೈನೀಡಿ ಊಟ ಮಾಡಿದ, ಬೀದಿಯಲ್ಲಿ ಕೂತು ಕ್ಷೌರ ಮಾಡಿಸಿಕೊಂಡ, ತನ್ನ ಮದುವೆಗೆ ತಾನೇ ಹೊರಗೆ ನಿಂತ. ನೀಲಿ ಪುಸ್ತಕ ಮೂರು ಸಲ ಮುಗಿದರೂ ಕಥೆ ಮುಗಿಯಲಿಲ್ಲ. ಕೊನೆಯ ಪುಟ ಬಂದರೆ ಅವನು ಮತ್ತೆ ಮೊದಲ ಪುಟಕ್ಕೆ ಹೋಗಿ ಮುಂದುವರಿಸುತ್ತಿದ್ದ, ಮಗಳು ಅದೇಕೆ ಹಾಗೆ ಎಂದು ಕೇಳಿದವಳಲ್ಲ. ಅವಳು ಕೇಳಿದ್ದು ಬೇರೆ. ಕೆಲವು ಅಕ್ಷರಗಳ ತಲೆಯ ಮೇಲೆ ಎರಡೆರಡು ಚುಕ್ಕಿ ಇದ್ದವು, ಅದೇನು ಎಂದಿದ್ದಳು. "ಅದು ಅಕ್ಷರದ ಕಣ್ಣು. ಕಣ್ಣು ಬಿಟ್ಟಿರೋ ಅಕ್ಷರ ಬಂದ್ರೆ ಜೋರಾಗಿ ಓದಬೇಕು," ಎಂದುಬಿಟ್ಟ, ಬಾಯಿಗೆ ಬಂದದ್ದು. ಅಂದಿನಿಂದ ಅವಳು "ಅಪ್ಪಾ, ಇಲ್ಲಿ ಕಣ್ಣು!" ಎಂದು ಬೊಟ್ಟು ಮಾಡಿದಲ್ಲೆಲ್ಲ ಅವನು ಗಂಟಲು ಹರಿದುಕೊಳ್ಳಬೇಕಾಯಿತು. ಕೊಡೆಯವನು ಸುಮ್ಮನೆ ನಡೆದು ಹೋಗುತ್ತಿರುವಾಗಲೂ ಕಾರಣವಿಲ್ಲದೆ ಅರಚುತ್ತಿದ್ದ. ಪಕ್ಕದ ಮನೆಯವರು ಬಂದು ಏನಾಯ್ತು ಎಂದು ವಿಚಾರಿಸಿಕೊಂಡು ಹೋದದ್ದೂ ಉಂಟು.

ಹಾಸಿಗೆಯ ಮೂಲೆ ಮಡಚಿ ಒಳಗೆ ತುರುಕುವಾಗ ಬೆರಳಿಗೆ ಮೊಳೆ ತಾಗಿ ಚುರ್ರೆಂದಿತು. ಅದೇ ಚುರುಕು, ಅವಳಿಗೆ ಹನ್ನೆರಡು ವರ್ಷವಾದಾಗಿನದು. ಕೊಡೆಯವನು ಊರೆಲ್ಲ ಸುತ್ತಿ ಕೊನೆಗೆ ತನ್ನ ಮನೆಯ ಬಾಗಿಲಿಗೇ ಬಂದು ನಿಂತಿದ್ದ. ಅಲ್ಲಿಗೆ ಮಗಳು ಪುಸ್ತಕವನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, "ಇನ್ಮೇಲೆ ನಾನೇ ಓದ್ಕೋತೀನಿ ಅಪ್ಪ," ಎಂದಿದ್ದಳು. ಅಬ್ಬ, ಪಾರಾದೆ ಎಂದುಕೊಂಡಿದ್ದ ಅವನು; ಮರುಗಳಿಗೆಯೇ ಯಾರೋ ಮಗ್ಗುಲಿಂದ ಎದ್ದುಹೋದಂತೆ ಬೇಸರವಾಗಿತ್ತು. ಆಮೇಲೆ ಹೆದರಿಕೆ. ಅವಳೇ ಓದಿಕೊಂಡರೆ ಪುಸ್ತಕದಲ್ಲಿ ಕೊಡೆಯವನ ಕಥೆ ಇಲ್ಲವೆಂದು ಗೊತ್ತಾಗಿಬಿಡುತ್ತದೆ. ಆದರೆ ಅವಳು ಅದನ್ನು ಕಪಾಟಿನ ಮೇಲಿನ ಅರೆಯಲ್ಲಿಟ್ಟಳು, ಮತ್ತೆ ತೆಗೆದದ್ದನ್ನು ಅವನು ಕಾಣಲಿಲ್ಲ. ಹನ್ನೊಂದು ವರ್ಷ ಅವನು ಆ ನೀಲಿ ಬೆನ್ನಿನ ಮೇಲೆ ಕೂತ ಧೂಳನ್ನು ಕಳ್ಳನೋಟದಿಂದ ಪರೀಕ್ಷಿಸುತ್ತ ಬಂದ; ಧೂಳು ದಪ್ಪವಾದಷ್ಟೂ ಸಮಾಧಾನ. ಅಷ್ಟರಲ್ಲಿ ಮಗಳು ಇಂಗ್ಲಿಷನ್ನೇ ಓದಿ, ಇಂಗ್ಲಿಷನ್ನೇ ಕಲಿಸುವವಳಾಗಿ, ಇದೇ ಹೋಟೆಲಿನ ಸಿಬ್ಬಂದಿ ಆಫೀಸರರೆದುರು ಸಂದರ್ಶನಕ್ಕೆ ಕೂತು, ನನಗೆ ಇಂಗ್ಲಿಷಿನ ಹುಚ್ಚು ಹಿಡಿಸಿದ್ದು ನಮ್ಮಪ್ಪ ಎಂದು ಹೇಳಿದಳಂತೆ. ಆಫೀಸರರು ಲಿಫ್ಟಿನಲ್ಲಿ ಸಿಕ್ಕಾಗ "ಏನ್ರೀ, ಗುಪ್ತ ಪಂಡಿತರು!" ಎಂದು ಅವನ ಬೆನ್ನು ತಟ್ಟಿದ್ದರು. ನಾಲ್ಕನೆಯ ಮಹಡಿಯವರೆಗೂ ಅವನು ನೆಲ ನೋಡಿಕೊಂಡೇ ಬಂದ.

ಮಗಳ ಇಂಗ್ಲಿಷ್ ಕ್ಲಾಸಿನ ಎರಡು ಬ್ಯಾಚು ತಪ್ಪಿಸಿಕೊಂಡ, ಒಮ್ಮೆ ಸೊಂಟ ನೋವು, ಒಮ್ಮೆ ರೂಮುಗಳು ತುಂಬಿವೆ ಎಂದು. ಮೂರನೆಯದಕ್ಕೆ ಹೆಸರು ತಾನಾಗಿಯೇ ಪಟ್ಟಿ ಸೇರಿತ್ತು. "ನನ್ನ ಇಂಗ್ಲಿಷಿಗೆ ಸ್ವಲ್ಪ ತುಕ್ಕು ಹಿಡಿದಿದೆ, ಪಾಲಿಷ್ ಮಾಡಿಸ್ಕೋತೀನಿ," ಎಂದು ಹೆಂಡತಿಗೆ ಹೇಳಿದ. ಮಗಳು ಶರತ್ತು ಹಾಕಿದ್ದಳು: ಕ್ಲಾಸಿನಲ್ಲಿ ತಾನು ಯಾರ ಮಗಳೂ ಅಲ್ಲ, ಮೇಡಂ ಎನ್ನಬೇಕು, ತಾನೂ ನೀವು ಎನ್ನುತ್ತೇನೆ. ಇಪ್ಪತ್ಮೂರು ವರ್ಷ ಎತ್ತಿ ಆಡಿಸಿದ ಮಗಳ ಬಾಯಲ್ಲಿ ನೀವು ಎನಿಸಿಕೊಳ್ಳುವಾಗ ಅವನಿಗೆ ಯಾರದೋ ಕೋಟು ತೊಟ್ಟುಕೊಂಡ ಇರುಸುಮುರುಸು. ಓದುವ ಪುಟದ ವಿಷಯ ಬಂದಾಗ ಅವನು ಒಂದು ತೀರ್ಮಾನಕ್ಕೆ ಬಂದ. ಬೇರೆ ಯಾವ ಪುಸ್ತಕವೂ ಬೇಡ. ಐದು ವರ್ಷ ಸುಳ್ಳು ಓದಿದ ಅದೇ ನೀಲಿ ಪುಸ್ತಕದ ಮೊದಲ ಪುಟವನ್ನು, ಅದೊಂದನ್ನಾದರೂ, ಅವಳ ಮುಂದೆ ನಿಜವಾಗಿ ಓದಬೇಕು. ಮಗಳು ಹೊರಗೆ ಹೋದಾಗ ಸ್ಟೂಲು ಹತ್ತಿ ಪುಸ್ತಕ ಇಳಿಸಿದ. ಇದ್ದ ಜಾಗ ಖಾಲಿ ಕಾಣಬಾರದೆಂದು ಅಲ್ಲಿ ಬಿಸ್ಕತ್ತಿನ ಡಬ್ಬಿ ಇಟ್ಟ.

ಕ್ಲಾಸಿನಲ್ಲಿ ಕೊಟ್ಟಿದ್ದ ಕೈಯಗಲದ ನಿಘಂಟು ಹಿಡಿದು ಹದಿನಾಲ್ಕು ದಿನ ಒದ್ದಾಡಿದ. ಎಂಥ ಇಂಗ್ಲಿಷಪ್ಪ ಅದು! ಹತ್ತು ಪದ ಹುಡುಕಿದರೆ ಒಂಬತ್ತು ನಿಘಂಟಿನಲ್ಲೇ ಇಲ್ಲ. ಇದು ಮೇಲ್ಮಟ್ಟದ ಇಂಗ್ಲಿಷು, ನಿಘಂಟು ಚಿಕ್ಕದು, ತನ್ನ ತಲೆ ಅದಕ್ಕಿಂತ ಚಿಕ್ಕದು ಎಂದುಕೊಂಡ. ಹ್ಯಾಂಡ್ ಸಿಕ್ಕಿತು, ಕೈ. ವಾರ್ಮ್ ಸಿಕ್ಕಿತು, ಬೆಚ್ಚಗಿನ. ವಿಂಡ್ ಸಿಕ್ಕಿತು, ಗಾಳಿ. ಸಾಲುಸಾಲಿಗೂ ಬರುವ ಎರಡು ಪದಗಳೂ ಸಿಕ್ಕವು, ಸಿಕ್ಕದಿದ್ದರೇ ಚೆನ್ನಾಗಿತ್ತು: ಒಂದು ವಾರ್, ಎಂದರೆ ಯುದ್ಧ, ಇನ್ನೊಂದು ಡೈ, ಎಂದರೆ ಸಾಯು. ಮೊದಲ ಪುಟವೊಂದರಲ್ಲೇ ಒಂಬತ್ತು ಯುದ್ಧ, ಹದಿನಾಲ್ಕು ಸಾವು. ಅವನು ಬೆವತುಹೋದ. ಇಂಥ ಭಯಂಕರ ಪುಸ್ತಕವನ್ನು ಏಳು ವರ್ಷದ ಕೂಸಿನ ತೊಡೆಯ ಮೇಲೆ ಬಿಚ್ಚಿಟ್ಟು ಕೊಡೆ ಗಿಡೆ ಎಂದು ನಗಾಡಿದ್ದನಲ್ಲ! ಒಂದು ಕಡೆ ಡೈ ಹ್ಯಾಂಡ್ ಎಂದಿತ್ತು. ಕೈ ಸಾಯುತ್ತದೆ. ದಿನಕ್ಕೆ ಹದಿನಾರು ಹಾಸಿಗೆ ಎಳೆಯುವವನಿಗೆ ಅದರಲ್ಲೇನೂ ಆಶ್ಚರ್ಯ ಕಾಣಲಿಲ್ಲ, ಬರೆದವನಿಗೆ ದುಡಿಮೆ ಗೊತ್ತಿದೆ ಎಂದುಕೊಂಡ. ಅರ್ಥ ಆಗದಿದ್ದರೂ ಉಚ್ಚಾರವಾದರೂ ಇರಲಿ ಎಂದು ಖಾಲಿ ರೂಮುಗಳ ಬಚ್ಚಲಿನಲ್ಲಿ, ಕನ್ನಡಿಯೆದುರು, ನಲ್ಲಿ ಬಿಟ್ಟುಕೊಂಡು ಉರುಹೊಡೆದ. ಈಗಲೂ ನಾನೂರ ಏಳರ ಕನ್ನಡಿ ಒರೆಸುತ್ತ ಇನ್ನೊಮ್ಮೆ ಹೇಳಿಕೊಂಡ. ಕನ್ನಡಿಯಲ್ಲಿದ್ದವನು ಅವನಿಗಿಂತ ಹೆಚ್ಚು ಹೆದರಿದ್ದ.

ನೆಲಮಾಳಿಗೆಯ ಮೀಟಿಂಗ್ ಹಾಲಿನಲ್ಲಿ ಹಸಿರು ಬಟ್ಟೆ ಹೊದಿಸಿದ ಉದ್ದನೆಯ ಮೇಜಿನ ಸುತ್ತ ಕ್ಲಾಸು. ಮೂರು ಗಂಟೆಗೆ ಮೇಡಂ ಬಂದರು. ಬೋರ್ಡಿನ ಮೇಲೆ ಮತ್ತೆ ಮೇಕ್ ಅಪ್ ಎಂದು ಬರೆದು ಕೆಳಗೆ ಗೆರೆ ಎಳೆದರು. ಹೆಬ್ಬಾಗಿಲಿನಲ್ಲಿ ನಿಂತು ಬಂದವರಿಗೆಲ್ಲ ಸಲಾಮು ಹೊಡೆಯುವ ಗಿರಿಜಾ ಮೀಸೆಯವನು, ಎಲ್ಲರ ಬಾಯಲ್ಲೂ ಸೆಲ್ಯೂಟ್ ಎಂದೇ ಹೆಸರಾದವನು, ಮೊದಲು ಎದ್ದ. "ಮುಖಕ್ಕೆ ಬಳ್ಕೊಳ್ಳೋದು ಮೇಡಂ. ನಮ್ಮನೇಲಿ ಅದಕ್ಕೆ ಮುಕ್ಕಾಲು ಗಂಟೆ ಬೇಕು." ಲಾಂಡ್ರಿ ಅಕ್ಕ ಕೂತಲ್ಲಿಂದಲೇ, "ಜಗಳ ಆಡಿ ಆಮೇಲೆ ರಾಜಿ ಆಗೋದು. ನಾನೂ ನಮ್ಮ ನಾದಿನೀನೂ ಒಂಬತ್ತು ವರ್ಷದಿಂದ ಮೇಕ್ ಅಪ್ ಆಗಿಲ್ಲ," ಎಂದಳು. ಲೇಟಾಗಿ ಬಂದವರು ಸಂಜೆ ಹೆಚ್ಚು ಹೊತ್ತು ಇದ್ದು ಸರಿದೂಗಿಸುವುದಕ್ಕೂ ಅದೇ, ಹೋಗಲೋ ಬೇಡವೋ ಎಂದು ತೂಗಾಡುವ ಮನಸ್ಸನ್ನು ಒಂದು ಕಡೆ ನಿಲ್ಲಿಸುವುದಕ್ಕೂ ಅದೇ ಎಂದು ಮೇಡಂ ಸೇರಿಸಿದರು. "ಒಂದೇ ಮಾತಿಗೆ ಇಷ್ಟು ಕೆಲಸಾನಾ! ಪಾಪ, ನಮ್ಮ ಹಾಗೇ ಡಬಲ್ ಡ್ಯೂಟಿ ಅದಕ್ಕೂ," ಎಂದು ಅಕ್ಕ ಲೊಚಗುಟ್ಟಿದಳು.

"ಇನ್ನೊಂದು ಉಳೀತು," ಎಂದರು ಮೇಡಂ. "ಇಲ್ಲದ್ದನ್ನ ತಲೆಯಿಂದ ಹುಟ್ಟಿಸಿ ಹೇಳೋದು. ಐ ಮೇಡ್ ಇಟ್ ಅಪ್. ಎಲ್ಲರೂ ಹೇಳಿ." ಎಲ್ಲರೂ ಹೇಳಿದರು. ಅವನ ತುಟಿ ಮಾತ್ರ ಆಡಿತು, ಧ್ವನಿ ಹೊರಡಲಿಲ್ಲ. ಆಮೇಲೆ ಅವನಿಗೇ ಗೊತ್ತಿಲ್ಲದೆ ಕೇಳಿಬಿಟ್ಟ: "ಅಂದ್ರೆ ಸುಳ್ಳು ಹೇಳೋದಾ ಮೇಡಂ?" ಮೇಡಂ ಸೀಮೆಸುಣ್ಣವನ್ನು ಬೆರಳಲ್ಲಿ ಉರುಳಿಸುತ್ತ ಅವನನ್ನು ನೋಡಿದರು. "ಸುಳ್ಳೂ ಆಗಬಹುದು, ಕಥೇನೂ ಆಗಬಹುದು. ರಜಾ ಬೇಕು ಅಂತ ಇಲ್ಲದ ಅಜ್ಜೀನ ಸಾಯಿಸಿದ್ರೆ ಅದು ಸುಳ್ಳು." ಸೆಲ್ಯೂಟ್ ಮೀಸೆಯ ತುದಿ ತಿರುವುತ್ತ ಚಾವಣಿ ನೋಡಿದ, ಆ ವರ್ಷ ಅವನ ಮೂರನೆಯ ಅಜ್ಜಿ ತೀರಿಕೊಂಡಿದ್ದಳು. ಎಲ್ಲರೂ ಗೊಳ್ಳೆಂದು ನಕ್ಕರು, ಅವನೂ ನಕ್ಕ, ನಗುತ್ತಿರುವಾಗಲೇ ಬಾಗಿಲು ತೆರೆದು ಸಿಬ್ಬಂದಿ ಆಫೀಸರರು ಒಳಗೆ ಬಂದು, ಮುಂದುವರಿಸಿ ಮುಂದುವರಿಸಿ ಎನ್ನುತ್ತ ಹಿಂದಿನ ಕುರ್ಚಿಯಲ್ಲಿ ಕೂತರು. ಪುಟ ಓದುವ ಹೊತ್ತಾಗಿತ್ತು. ಸೆಲ್ಯೂಟ್ ಟ್ಯಾಕ್ಸಿಗಳ ದರಪಟ್ಟಿ ಓದಿದ. ಲಾಂಡ್ರಿ ಅಕ್ಕ ಸೋಪಿನ ಪುಡಿಯ ಡಬ್ಬಿಯ ಹಿಂಬದಿ ಓದಿ, "ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಅಂತ ಬರೆದಿದಾರೆ," ಎಂದು ಅರ್ಥವನ್ನೂ ಹೇ‍ಳಿ ಚಪ್ಪಾಳೆ ಗಿಟ್ಟಿಸಿಕೊಂಡಳು. "ಈಗ ನೀವು," ಎಂದರು ಮೇಡಂ.

ಅವನು ಕೈಚೀಲದಿಂದ ನೀಲಿ ಪುಸ್ತಕ ತೆಗೆದ. ಮೇಡಂ ಕಣ್ಣು ಆ ರಟ್ಟಿನ ಮೇಲೆ ನಿಂತಿತು, ಅಲ್ಲೇ ನಿಂತಿತು. ಅವನಿಗೆ ಎರಡು ಲೋಟ ನೀರು ಬೇಕಿತ್ತು, ಒಂದೂ ಇರಲಿಲ್ಲ. ಬೆರಳನ್ನು ಮೊದಲ ಸಾಲಿನ ಕೆಳಗಿಟ್ಟು ಶುರುಮಾಡಿದ. ಮೊದಲ ಸಾಲಿನಲ್ಲಿ ಎರಡು ಕಡೆ ತಡವರಿಸಿದ. ಎರಡನೆಯ ಸಾಲಿಗೆ ಬಚ್ಚಲಿನ ಅಭ್ಯಾಸ ಕೈಹಿಡಿಯಿತು. ಡೈ ಹ್ಯಾಂಡ್ ವಾರ್ ವಾರ್ಮ್ ಎಂದು ಯುದ್ಧವನ್ನೂ ಸಾವನ್ನೂ ಒತ್ತಿ ಒತ್ತಿ ಹೇಳುತ್ತ, ಚುಕ್ಕಿಯ ಅಕ್ಷರ ಬಂದಲ್ಲಿ ಹಳೆಯ ಚಾಳಿಗೆ ಧ್ವನಿ ಏರಿಸುತ್ತ, ಮುಗಿಸುವ ಹೊತ್ತಿಗೆ ಅವನ ಬೆನ್ನಿನ ಅಂಗಿ ಒದ್ದೆಯಾಗಿತ್ತು. ಲಾಂಡ್ರಿ ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು. "ಒಂದಕ್ಷರ ತಿಳೀಲಿಲ್ಲ ಮಾರಾಯ, ಅಷ್ಟು ದೊಡ್ಡ ಇಂಗ್ಲಿಷು," ಎಂದು ಸೆಲ್ಯೂಟ್ ಎದ್ದುನಿಂತು ನಿಜವಾಗಿಯೂ ಸೆಲ್ಯೂಟ್ ಹೊಡೆದ. ಆಫೀಸರರು ಗಂಭೀರವಾಗಿ ತಲೆದೂಗಿ, "ಸ್ವಲ್ಪ ಹಳೇ ಕಾಲದ ಇಂಗ್ಲಿಷು, ಅಲ್ವಾ ಮೇಡಂ?" ಎಂದರು. ಮೇಡಂ ಬೋರ್ಡಿನ ಕಡೆಗೆ ತಿರುಗಿ, ಒರೆಸಿದ್ದ ಜಾಗವನ್ನೇ ಮತ್ತೆ ಒರೆಸುತ್ತ, "ಹೌದು ಸರ್. ತುಂಬಾ ಹಳೇದು," ಎಂದರು. ಅವರ ಭುಜ ಸಣ್ಣಗೆ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡ ಅವನು. ಸಿಕ್ಕಿಬಿದ್ದೆ, ಎಲ್ಲರೆದುರು ಮಗಳ ಮಾನ ಕಳೆದೆ ಎಂದು ಕುರ್ಚಿಯ ಮೇಲೆ ಕುಸಿದ.

ಹೊರಗೆ ಹೋಗುತ್ತ ಲಾಂಡ್ರಿ ಅಕ್ಕ, "ಮೇಜಿನ ಬಟ್ಟೆ ಕಳಿಸಿಕೊಡಿ, ಮಸಿಯಾಗಿದೆ," ಎಂದಳು. ಎಲ್ಲರೂ ಹೋದರು. ಅವನು ಪುಸ್ತಕವನ್ನು ಚೀಲಕ್ಕೆ ಹಾಕಲೂ ಆಗದೆ ಮೇಜಿನ ಮೇಲಿಡಲೂ ಆಗದೆ ಎದೆಗೊತ್ತಿಕೊಂಡು ನಿಂತಿದ್ದ. "ಅಪ್ಪ, ಒಂದು ಕೈ ಹಿಡಿ," ಎಂದಳು ಮಗಳು. ಅವನು ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಬಟ್ಟೆಯ ಎರಡು ಮೂಲೆ ಹಿಡಿದ, ಅವಳು ಆ ತುದಿಯ ಎರಡು ಮೂಲೆ. ಕೆಲಸ ಕೈಗೆ ಬಂದ ಕೂಡಲೇ ಅವನಿಗೆ ಉಸಿರಾಡಲು ಬಂತು. ಇಬ್ಬರೂ ಬಟ್ಟೆಯನ್ನು ಒಮ್ಮೆ ಎಳೆದು ಒದರಿದರು.

"ಮೇಡಂ," ಎಂದ ಅವನು.

"ಕ್ಲಾಸು ಮುಗೀತು. ಯಾವ ಮೇಡಂ?"

"ಇರಲಿ, ಇದನ್ನ ಮೇಡಂಗೇ ಹೇಳಬೇಕು." "ಐ ಮೇಡ್ ಇಟ್ ಅಪ್. ಆ ಕೊಡೆಯವನು. ಪುಸ್ತಕದಲ್ಲಿ ಅವನಿಲ್ಲ. ನನಗೆ ಓದೋಕೆ ಬರ್ತಿರಲಿಲ್ಲ, ಈಗಲೂ ಬರಲ್ಲ. ಇಲ್ಲಿರೋದೆಲ್ಲ ಬರೀ ಯುದ್ಧ, ಸಾವು. ಐದು ವರ್ಷ ನಿನ್ನ ಕೂರಿಸ್ಕೊಂಡು ಸುಳ್ಳು ಓದಿದೆ."

ಅವಳು ಮೂಲೆಗಳನ್ನು ಹಿಡಿದುಕೊಂಡೇ ನಗತೊಡಗಿದಳು. ಆಗ ಅವನಿಗೆ ಹೊಳೆಯಿತು, ಬೋರ್ಡಿನ ಮುಂದೆ ಅಲುಗುತ್ತಿದ್ದ ಭುಜವೂ ಇದೇ ನಗು ಎಂದು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದರೂ ಕೈಯಲ್ಲಿ ಬಟ್ಟೆ ಇದ್ದದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. "ಅಪ್ಪ, ಯುದ್ಧಾನೂ ಇಲ್ಲ, ಸಾವೂ ಇಲ್ಲ. ಅದು ಇಂಗ್ಲಿಷೇ ಅಲ್ಲ ಅಪ್ಪ. ಜರ್ಮನ್! ಅದರಲ್ಲಿ ವಾರ್ ಅಂದ್ರೆ ಇತ್ತು, ಡೈ ಅಂದ್ರೆ ಇಂಗ್ಲಿಷಿನ ದ, ಅಷ್ಟೇ."

ಬಟ್ಟೆಯ ಒಂದು ಮೂಲೆ ಅವನ ಕೈಯಿಂದ ಜಾರಿತು. ಅವಳು ಕಾದಳು; ಅವನು ಬಗ್ಗಿ ಎತ್ತಿಕೊಂಡ. "ಯಾವಾಗಿಂದ ಗೊತ್ತು?" ಎಂದ.

"ಒಂಬತ್ತು ವರ್ಷ ಇದ್ದಾಗಿಂದ. ಜೋರಾಗಿ ಓದಬೇಕಾದ ಕಡೆಯೆಲ್ಲ ನಾನು ಇಂಗ್ಲಿಷ್ ನೋಟ್‌ಬುಕ್ಕಲ್ಲಿ ಕಣ್ಣು ಬರೆದಿದ್ದೆ. ಟೀಚರ್ ಏನಿದು ಅಂದ್ರು. ಅಕ್ಷರದ ಕಣ್ಣು, ನಮ್ಮಪ್ಪ ಹೇಳಿಕೊಟ್ಟಿದ್ದು ಅಂದೆ. ಕ್ಲಾಸೆಲ್ಲ ನಕ್ತು. ಮಾರನೇ ದಿನ ಪುಸ್ತಕ ತಗೊಂಡು ಹೋಗಿ ತೋರಿಸ್ದೆ. ಅವರೇ ಹೇಳಿದ್ದು, ಇದು ಜರ್ಮನ್ ಕಣಮ್ಮ ಅಂತ."

ಅವಳು ನಗುತ್ತಲೇ ಹೇಳುತ್ತಿದ್ದಳು, ಆದರೆ ಅವನ ಕಣ್ಣಿಗೆ ಕಂಡದ್ದು ಎರಡು ಜಡೆಯ ಒಂದು ಮಗು, ಅದರ ಸುತ್ತ ನಗುವ ಬಾಯಿಗಳು. ಅಷ್ಟು ದೊಡ್ಡ ಅವಮಾನವನ್ನು ಆ ಮಗು ಸಂಜೆ ನಾಲ್ಕು ಗಂಟೆಗೆ ಮನೆಗೆ ತಂದು, ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, ಅಪ್ಪಾ ಇಲ್ಲಿ ಕಣ್ಣು ಎಂದು ಎಂದಿನಂತೆ ಬೊಟ್ಟು ಮಾಡಿತ್ತಲ್ಲ. "ನನ್ನಿಂದ ನೀನು ಎಲ್ಲರ ಮುಂದೆ..." ಎಂದ.

"ಒಂದು ಪೀರಿಯಡ್ ನಕ್ರು ಅಷ್ಟೇ. ಆಮೇಲೆ ನಾನು ಸುಮ್ಮನಿದ್ನಾ? ನಮ್ಮಪ್ಪಂಗೆ ಜರ್ಮನ್ ಬರುತ್ತೆ, ಅದಕ್ಕೇ ಜರ್ಮನ್ ಪುಸ್ತಕ ಓದ್ತಾರೆ ಅಂದೆ. ಎಲ್ಲರೂ ಗಪ್ ಚಿಪ್. ನಾನೂ ಮೇಡ್ ಇಟ್ ಅಪ್."

ಅವನಿಗೆ ಆಗ ನೆನಪಾಯಿತು. ಶಾಲೆಯ ವಾರ್ಷಿಕೋತ್ಸವದ ದಿನ ಕನ್ನಡಕದ ಟೀಚರೊಬ್ಬರು ಬಹಳ ಗೌರವದಿಂದ ಅವನ ಬಳಿ ಬಂದು ಗೂಟನ್ನೋ ಟಾಗೋ ಏನೋ ಒಂದು ಅಂದಿದ್ದರು. ತನಗೆ ತಿಳಿಯದ ಇಂಗ್ಲಿಷಿನ ನಮಸ್ಕಾರವಿರಬೇಕೆಂದು ಅವನು ಥ್ಯಾಂಕ್ಯೂ ಎಂದಿದ್ದ, ಟೀಚರು ಪೆಚ್ಚಾಗಿ ಹೋಗಿದ್ದರು. ಎಷ್ಟೋ ವರ್ಷ ಆ ಮಾತು ನೆನಪಾದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ಅದನ್ನು ಹೇಳಿದ. ಮಗಳು "ಅಯ್ಯೋ!" ಎಂದು ಬಟ್ಟೆಯೊಳಗೆ ಮುಖ ಮುಚ್ಚಿಕೊಂಡಳು. ಇಬ್ಬರೂ ನಕ್ಕರು. ನಗುತ್ತ ನಡೆದು ಬಂದು ಬಟ್ಟೆಯ ಮೂಲೆಗೆ ಮೂಲೆ ಸೇರಿಸಿದರು. ಅವಳ ಕೈಯಲ್ಲಿದ್ದುದನ್ನು ಅವನು ತೆಗೆದುಕೊಂಡ, ಅವಳು ಬಗ್ಗಿ ಮಡಿಕೆ ಹಿಡಿದು ಮತ್ತೆ ಹಿಂದೆ ಸರಿದಳು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಓದೋದು ನಿಲ್ಲಿಸ್ತಿದ್ದೆ."

"ಮತ್ತೆ ಹನ್ನೆರಡು ವರ್ಷ ಆದಾಗ ನೀನೇ ನಿಲ್ಲಿಸಿದೆಯಲ್ಲ?"

ಮಗಳು ಮಡಿಕೆಯ ಅಂಚನ್ನು ಉಗುರಿನಿಂದ ತೀಡಿದಳು. "ಪ್ರತಿ ಸಲ ಶುರು ಮಾಡೋ ಮುಂಚೆ ಎರಡು ಲೋಟ ನೀರು ಕುಡೀತಿದ್ದೆ ನೀನು. ಅದನ್ನ ನೋಡೋಕಾಗಲಿಲ್ಲ ನಂಗೆ. ಕಥೆ ಬೇಕಿತ್ತು, ಆದ್ರೆ ನಿನ್ನ ಹೆದರಿಕೆ ಬೇಕಿರಲಿಲ್ಲ." ಬಟ್ಟೆಯನ್ನು ಇನ್ನೊಂದು ಸಲ ಮಡಚಿದಳು. "ಮತ್ತೆ ಆ ಬಿಸ್ಕತ್ತಿನ ಡಬ್ಬಿ ಇಟ್ಟಿದ್ದು ಯಾರು? ಅಮ್ಮ ಹದಿನಾಲ್ಕು ದಿನದಿಂದ ಹುಡುಕ್ತಿದಾಳೆ."

ಬಟ್ಟೆ ದಿಂಬಿನಷ್ಟು ಚಿಕ್ಕದಾಗಿ ಮೇಜಿನ ಮೇಲೆ ಕೂತಿತು. ಬೆಳಗಿನಿಂದ, ಅಲ್ಲ, ಹದಿನಾರು ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದು ಅವನಿಗೆ ಒಂಥರಾ ಹಸಿವಾಗುತ್ತಿತ್ತು. ಮನೆಗೆ ಹೋಗೋಣವೇ ಎನ್ನಲಿದ್ದ. ಮಗಳು ಕುರ್ಚಿಯ ಮೇಲಿದ್ದ ನೀಲಿ ಪುಸ್ತಕ ಎತ್ತಿ, ಕೊನೆಯ ಪುಟ ಬಿಚ್ಚಿ, ಮೇಜಿನ ಮೇಲಿಟ್ಟು, ಅವನಿಗೆ ಕುರ್ಚಿ ಎಳೆದುಕೊಟ್ಟಳು. "ಅವನು ಮನೆ ಬಾಗಿಲಲ್ಲೇ ನಿಂತಿದಾನೆ. ಹನ್ನೊಂದು ವರ್ಷ ಆಯ್ತು," ಎಂದಳು.

ಅವನು ಕೂತ. ನೀರು ಬೇಕೆನಿಸಲಿಲ್ಲ. ಪುಟದ ಮೇಲೆ ಬೆರಳಿಟ್ಟ. "ನಾನೂರ ಹನ್ನೆರಡಕ್ಕೆ ಡಬಲ್ ಹಾಸಿಗೆ ಹೇಗೆ ಹಾಕಿದ್ವಿ ಗೊತ್ತಾ? ನೇರ ನುಗ್ಗಿಸಿದ್ರೆ ಯಾವ ಬಾಗಿಲಲ್ಲೂ ಹಿಡಿಸಲ್ಲ. ಓರೆ ಮಾಡಬೇಕು. ಒಬ್ಬನ ಕೈಲಿ ಅದೂ ಆಗಲ್ಲ, ಒಳಗಿಂದ ಒಬ್ಬರು ತುದಿ ಹಿಡಿದು ಎಳ್ಕೋಬೇಕು. ಕೊಡೆಯವನಿಗೆ ಅದೇ ಹೊಳೀಲಿಲ್ಲ. ಪಾಪ, ಒಬ್ಬನೇ ತಳ್ತಾ ಇದ್ದ."

"ಒಳಗೆ ಯಾರಿದ್ರು?"

"ಅವನ ಮಗಳು."

"ಮತ್ತೆ ಅವಳು ಇಷ್ಟು ದಿನ ಯಾಕೆ ಎಳ್ಕೊಳ್ಳಲಿಲ್ಲ?"

"ಅವನು ಕರೀಬೇಕಲ್ಲ. ಕೊಡೆ ಸರಿಯಾಗೇ ಇದೆ, ಏನೂ ತೊಂದರೆ ಇಲ್ಲ ಅಂತ ಹೊರಗಿಂದ ಹೇಳ್ತಾ ಇದ್ದ, ದಡ್ಡ." ಬೆರಳು ಸಾಲಿನ ಉದ್ದಕ್ಕೆ ನಿಧಾನವಾಗಿ ಸರಿಯಿತು. "ಕೊನೆಗೆ ಒಂದಿನ ಅವನು ಬಾಗಿಲ ಹತ್ರ ಬಾಯಿ ತಂದು..."

ಮಗಳು ಅವನ ಭುಜದ ಮೇಲಿಂದ ಬಗ್ಗಿ, ಸಾಲಿನ ನಡುವೆ ಒಂದು ಕಡೆ ಬೊಟ್ಟು ಮಾಡಿದಳು. "ಅಪ್ಪಾ, ಇಲ್ಲಿ ಕಣ್ಣು!"

ಅವನು ಕೂಗಿದ. ಎಷ್ಟು ಜೋರಾಗಿ ಎಂದರೆ ಮೇಲಿನ ಹೆಬ್ಬಾಗಿಲಿನಿಂದ ಸೆಲ್ಯೂಟ್ ಏನಾಯ್ತು ಏನಾಯ್ತು ಎನ್ನುತ್ತ ಮೆಟ್ಟಿಲಿಳಿದು ಓಡಿಬಂದ.